ಆಶ್ರಯ ಕೊಟ್ಟ ಮನೆಯವರು ಇಟ್ಟ ಹೆಸರು

ಸಂಪಾದಕರಿಗೆ,

ಮಾನ್ಯರೇ,

ವಿದೇಶಕ್ಕೆ ಕಲಿಯಲು ಅಥವಾ ದುಡಿಯಲು ಹೋಗಿ ಅಲ್ಲಿನ ಕುಟುಂಬಗಳ ಜೊತೆ ವಾಸಿಸುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಆ ಮನೆಯವರು ಇಟ್ಟ ಹೆಸರುಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಾರೆಂದೂ, ಹೆತ್ತವರು ತೊಟ್ಟಿಲಲ್ಲಿ ಕರೆದ ಹೆಸರನ್ನು ಇಷ್ಟು ಸುಲಭವಾಗಿ ಬದಿಗಿಟ್ಟವರು ನಾಳೆ ಭಾಷೆಯನ್ನೂ ಬಿಟ್ಟುಕೊಡುತ್ತಾರೆಂದೂ ಆಕ್ಷೇಪಿಸಿ ಹಿರಿಯ ಓದುಗರೊಬ್ಬರು ಕಳೆದ ವಾರ ಈ ಅಂಕಣದಲ್ಲಿ ಬರೆದಿದ್ದರು. ಅವರ ಕಳವಳ ಎಲ್ಲಿಂದ ಹುಟ್ಟಿತೆಂಬುದು ನನಗೆ ಅರ್ಥವಾಗುತ್ತದೆ. ಅವರ ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಗೇರುಬೀಜದ ವ್ಯಾಪಾರದ ಸಲುವಾಗಿ ಘಾನಾ ದೇಶದಲ್ಲಿ ಒಂದು ಮನೆಯವರ ಜೊತೆ ಇದ್ದು, ಅವರಿಂದ ಹೆಸರು ಪಡೆದು ಬಂದವನಾದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವ ಅಧಿಕಾರ ನನಗೂ ಇದೆ ಎಂದುಕೊಂಡಿದ್ದೇನೆ.

ಕಾಸರಗೋಡಿನವರಿಗೆ ಹೆಸರಿನ ವಿಷಯದಲ್ಲಿ ಮೈಯೆಲ್ಲ ಕಿವಿ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಈ ತಾಲೂಕು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಹೆಸರುಗಳು ಕಾಗದದ ಮೇಲೆ ಮೆಲ್ಲಮೆಲ್ಲನೆ ರೂಪ ಬದಲಿಸುತ್ತ ಬಂದಿವೆ. ರೇಷನ್ ಕಾರ್ಡಿನಲ್ಲಿ ನಾರಾಯಣ ನಾರಾಯಣನ್ ಆಗುತ್ತಾನೆ, ಚಂದ್ರಶೇಖರ ಚಂದ್ರಶೇಖರನ್ ಆಗುತ್ತಾನೆ, ಮಂಜೇಶ್ವರ ಮಂಜೇಶ್ವರಂ ಆಗುತ್ತದೆ. ತಿದ್ದಿಸಲು ಹೋದವನು ಎರಡು ಕಚೇರಿಗಳ ನಡುವೆ ಅಲೆದು, ಕೊನೆಗೆ ಬೇಸತ್ತು, ಇರುವ ಅಕ್ಷರಗಳಿಗೇ ಸಹಿ ಹಾಕಿ ಬರುತ್ತಾನೆ. 2021ರಲ್ಲಿ ಇಲ್ಲಿನ ಕನ್ನಡ ಮತ್ತು ತುಳು ಊರ ಹೆಸರುಗಳನ್ನು ಮಲಯಾಳೀಕರಿಸಲಾಗುತ್ತಿದೆಯೆಂಬ ಸುದ್ದಿ ಹಬ್ಬಿದಾಗ ಗಡಿಯಾಚೆಯ ರಾಜಕೀಯ ನಾಯಕರೂ ದನಿಯೆತ್ತಿದರು. ಅಂತಹ ನಿರ್ಧಾರವೇನೂ ಇಲ್ಲವೆಂದು ಕೇರಳ ಸರಕಾರ ಹೇಳಿತು. ಆ ವಿವಾದದ ಒಳಹೊರಗು ಏನೇ ಇರಲಿ, ಬೇರೆಯವರು ನಮಗೆ ಹೆಸರಿಟ್ಟರು ಎಂದೊಡನೆ ನಮ್ಮ ನೆನಪಿಗೆ ಮೊದಲು ಬರುವುದು ಕಚೇರಿಯ ಮೇಜು ಮತ್ತು ಗುಮಾಸ್ತನ ಲೇಖನಿ. ಪತ್ರ ಬರೆದ ಹಿರಿಯರಿಗೂ ಹಾಗೆಯೇ ಅನ್ನಿಸಿರಬೇಕು. ಆದರೆ ಅಂಗಳದಲ್ಲಿ ಊಟಕ್ಕೆ ಕೂರಿಸಿ, ನೀನು ಇನ್ನು ಮುಂದೆ ನಮ್ಮವನು ಎಂದು ಹೇಳಿ ಇಡುವ ಹೆಸರನ್ನು ಕಚೇರಿಯ ಆ ಲೇಖನಿಯ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ನನ್ನ ಅನುಭವವನ್ನು ಹೇಳುತ್ತೇನೆ. ಮಂಗಳೂರು ಕಡೆಯ ಕಾರ್ಖಾನೆಗಳಿಗೆ ಇಲ್ಲಿನ ಗೇರುಬೀಜ ಸಾಲದೆ ಪಶ್ಚಿಮ ಆಫ್ರಿಕಾದಿಂದ ಕಚ್ಚಾ ಬೀಜ ತರಿಸುವುದು ಹಳೆಯ ರೂಢಿ. ಖರೀದಿಯ ಕಾಲದಲ್ಲಿ ಬೀಜ ನೋಡಿ ಒಪ್ಪಿಕೊಳ್ಳಲು ನಮ್ಮಂತಹವರನ್ನು ಅಲ್ಲಿಗೆ ಕಳುಹಿಸುತ್ತಾರೆ. ಗೋಣಿಗಳಿಂದ ಮಾದರಿ ತೆಗೆದು, ಒಂದು ಕಿಲೋದಲ್ಲಿ ಎಷ್ಟು ಬೀಜ ಎಂದು ಎಣಿಸಿ, ಒಂದೊಂದನ್ನೂ ಸೀಳಿ, ಒಳ್ಳೆಯ ತಿರುಳು ಬೇರೆ, ಹುಳ ಹಿಡಿದದ್ದು ಮತ್ತು ಸುಕ್ಕಿದ್ದು ಬೇರೆ ಮಾಡಿ ತೂಗಿ, ಎಂಬತ್ತು ಕಿಲೋದ ಚೀಲಕ್ಕೆ ಎಷ್ಟು ಪೌಂಡು ತಿರುಳು ಬಿದ್ದೀತು ಎಂಬ ಔಟ್‌ಟರ್ನ್ ಲೆಕ್ಕ ಬರೆಯುವುದು ಕೆಲಸ. ನನ್ನನ್ನು ಹಾಕಿದ್ದು ಸಾಂಪಾ ಎಂಬ ಪೇಟೆಗೆ. ಅದು ಐವರಿ ಕೋಸ್ಟಿನ ಗಡಿಗೆ ತಾಗಿಕೊಂಡಿರುವ ಊರು. ಗೇರುಬೀಜದ ವ್ಯಾಪಾರಕ್ಕೆ ಹೆಸರಾದದ್ದು. ಈಚೆ ಕಚೇರಿಯ ಭಾಷೆ ಇಂಗ್ಲಿಷ್, ಆಚೆ ಫ್ರೆಂಚ್. ಬಂಧುಗಳು ಎರಡೂ ಕಡೆ. ಕೇರಳ ಕರ್ನಾಟಕ ಗಡಿಯಲ್ಲಿರುವ ತಲಪಾಡಿಯ ಚೆಕ್‌ಪೋಸ್ಟನ್ನು ದಾಟಿ ಬೆಳೆದವನಿಗೆ ಆ ಊರಿನಲ್ಲಿ ಹೊಂದಿಕೊಳ್ಳುವುದು ಕಷ್ಟವಾಗಲಿಲ್ಲ.

ಲಾಡ್ಜಿನ ಬದಲು ಗೋದಾಮಿನ ಹತ್ತಿರ ಅಕಾನ್ ಎಂಬ ಜನಾಂಗದ ಒಂದು ಕುಟುಂಬದ ಮನೆಯಲ್ಲಿ ನನಗೆ ಕೋಣೆ ಕೊಡಿಸಿದ್ದರು. ನಡುವೆ ಅಂಗಳ, ಸುತ್ತಲೂ ಕೋಣೆಗಳು, ಒಂದು ಮೂಲೆಯಲ್ಲಿ ಬೇಯಿಸಿದ ಯಾಮ್ ಗೆಡ್ಡೆಯನ್ನು ಒನಕೆಯಿಂದ ಕುಟ್ಟುವ ಮರದ ಒರಳು. ಮನೆಯ ಯಜಮಾನಿ ವಯಸ್ಸಾದ ಹೆಂಗಸು. ಅಲ್ಲಿ ಅಜ್ಜ ಅಜ್ಜಿ ಇಬ್ಬರನ್ನೂ ನಾನಾ ಎಂದೇ ಕರೆಯುತ್ತಾರೆ. ಆಕೆ ನನ್ನ ಹೆಸರನ್ನು ಕೇಳಿ, ಎರಡು ಸಲ ಉಚ್ಚರಿಸಿ ನೋಡಿ, ಮೂರನೆಯ ಸಲ ಸರಿಯಾಗಿ ಹೇಳಿ, ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು: ಹುಟ್ಟಿದ ವಾರ ಯಾವುದು? ಬೇರೆ ದೇಶಗಳಿಂದ ಬಂದವರು ಈ ಪ್ರಶ್ನೆಗೆ ಮೊಬೈಲಿನಲ್ಲಿ ಹಳೆಯ ಕ್ಯಾಲೆಂಡರು ತೆಗೆದು ಹುಡುಕಬೇಕಾಗುತ್ತದೆಯಂತೆ. ಜಾತಕದ ಮೊದಲ ಸಾಲಿನಲ್ಲಿಯೇ ತಿಥಿ, ವಾರ, ನಕ್ಷತ್ರ ಬರೆದಿಟ್ಟುಕೊಳ್ಳುವ ನಮಗೆ ಆ ತೊಂದರೆಯಿಲ್ಲ. ಬುಧವಾರ ಎಂದೆ. ಹಾಗಾದರೆ ನೀನು ಕ್ವಾಕು ಎಂದರು. ಮಕ್ಕಳೆಲ್ಲ ನಕ್ಕರು; ಆ ದೇಶದ ಕಥೆಗಳಲ್ಲಿ ಎಲ್ಲರಿಗೂ ಮೋಸ ಮಾಡಿ ಕೊನೆಗೆ ತಾನೇ ಸಿಕ್ಕಿಬೀಳುವ ಅನಾನ್ಸೆ ಎಂಬ ಜೇಡನೂ ಬುಧವಾರದವನು, ಅವನೂ ಕ್ವಾಕು. ಬೀಜದ ತೂಕ ನೋಡಲು ಬಂದ ವ್ಯಾಪಾರಿಯ ಕಡೆಯವನಿಗೆ ಆ ಹೆಸರು ಬಂದದ್ದು ಅವರಿಗೆ ಬಹಳ ಹಿಡಿಸಿತು.

ಅಕಾನ್ ಜನರಲ್ಲಿ ಇದೊಂದು ವ್ಯವಸ್ಥೆ. ಭಾನುವಾರದ ಗಂಡು ಕ್ವಾಸಿ, ಹೆಣ್ಣು ಅಕೋಸುವಾ. ಶುಕ್ರವಾರದವರು ಕೋಫಿ ಮತ್ತು ಅಫುವಾ. ಶನಿವಾರದವರು ಕ್ವಾಮೆ ಮತ್ತು ಅಮಾ. ಹೀಗೆ ಏಳು ವಾರಗಳಿಗೆ ಏಳು ಜೋಡಿ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಅವರ ಹೆಸರಿನ ಮೊದಲ ಭಾಗವೂ, 1957ರಲ್ಲಿ ಘಾನಾಕ್ಕೆ ಸ್ವಾತಂತ್ರ್ಯ ತಂದುಕೊಟ್ಟ ಕ್ವಾಮೆ ಎನ್‌ಕ್ರುಮಾ ಅವರ ಹೆಸರಿನ ಮೊದಲ ಭಾಗವೂ ಈ ಪಟ್ಟಿಯಿಂದಲೇ ಬಂದವು. ನಮ್ಮ ಗೋದಾಮಿನಲ್ಲಿ ಗೋಣಿ ಹೊರುತ್ತಿದ್ದವರಲ್ಲಿಯೂ ಕೋಫಿಗಳಿದ್ದರು, ಕ್ವಾಮೆಗಳಿದ್ದರು. ವಾರದ ಹೆಸರು ಆತ್ಮಕ್ಕೆ ಸೇರಿದ್ದು, ಹುಟ್ಟಿನೊಡನೆಯೇ ಬರುವಂಥದ್ದು ಎಂದು ಅವರ ನಂಬಿಕೆ; ಆದ್ದರಿಂದ ಯಜಮಾನಿಯ ದೃಷ್ಟಿಯಲ್ಲಿ ಆಕೆ ನನಗೆ ಹೊಸದಾಗಿ ಏನನ್ನೂ ಇಟ್ಟಿರಲಿಲ್ಲ, ನಾನು ತಂದಿದ್ದುದನ್ನೇ ಗುರುತಿಸಿ ಹೇಳಿದ್ದರು. ಹಿರಿಯರ ನೆನಪಿನಲ್ಲಿ ಇಡುವ ಇನ್ನೊಂದು ಹೆಸರು ಮಗುವಿಗೆ ಎಂಟನೆಯ ದಿನ ಬರುತ್ತದೆ. ಅಂದು ಮಗುವಿನ ನಾಲಗೆಗೆ ಒಂದು ಹನಿ ನೀರು, ಒಂದು ಹನಿ ಮದ್ಯ ತಾಗಿಸಿ, ನೀರನ್ನು ಕಂಡರೆ ನೀರೆನ್ನು, ಮದ್ಯವನ್ನು ಕಂಡರೆ ಮದ್ಯವೆನ್ನು ಎಂದು ಬುದ್ಧಿ ಹೇಳುತ್ತಾರೆ. ಅಜ್ಜನ ಹೆಸರು ಪಡೆದ ಚಿಕ್ಕ ಹುಡುಗನನ್ನು ಆ ಗೌರವಕ್ಕಾಗಿ ಮನೆಯವರೆಲ್ಲ ನಾನಾ ಎಂದು ಕರೆಯುವುದನ್ನೂ ಕಂಡಿದ್ದೇನೆ. ಇಂತಹ ಹುಡುಗನಿಗೆ ಬೈಯುವುದು ತಾಯಂದಿರಿಗೆ ಸ್ವಲ್ಪ ಕಷ್ಟವೇ.

ಹೆಸರು ಬಂದ ಮೇಲೆ ನನ್ನ ಸ್ಥಾನ ಬದಲಾಯಿತು ಎಂಬುದನ್ನು ಪತ್ರ ಬರೆದ ಹಿರಿಯರು ಗಮನಿಸಬೇಕೆಂದು ಕೋರುತ್ತೇನೆ. ಕ್ವಾಕು ಆದವನು ಬೆಳಗ್ಗೆ ಕೋಣೆಯಿಂದ ಹೊರಬಂದು ಯಜಮಾನಿಗೆ ವಂದಿಸದೆ ಗೋದಾಮಿಗೆ ಹೋಗುವಂತಿಲ್ಲ. ಮನೆಯ ಕಡೆಯ ಸಂಬಂಧಿಕರೊಬ್ಬರು ತೀರಿಕೊಂಡಾಗ ಕಪ್ಪು ಬಟ್ಟೆ ಹೊಲಿಸಿಕೊಂಡು ನಾನೂ ಹೋಗಬೇಕಾಯಿತು. ಅಲ್ಲಿ ಸಾವಿನ ಮನೆಗೆ ಬಂದವರು ಕೊಡುವ ಹಣವನ್ನು ಹೆಸರು ಹೇಳಿ ಎಲ್ಲರ ಮುಂದೆ ಸಾರುತ್ತಾರೆ; ನಮ್ಮ ಮದುವೆಯ ಮುಯ್ಯಿಯನ್ನು ಮೈಕಿನಲ್ಲಿ ಓದಿದರೆ ಹೇಗಿದ್ದೀತು ಹಾಗೆ. ನನ್ನ ಹಣವನ್ನು ಸಾರುವಾಗ ಕ್ವಾಕು ಎಂದು ಹೇಳಿ, ಅದರ ಹಿಂದೆಯೇ ನನ್ನ ಸ್ವಂತ ಹೆಸರನ್ನೂ ಹೇಳಿ, ಇಂಥವರ ಮನೆಯವನು ಎಂದು ಸೇರಿಸಿದರು. ಕೊಟ್ಟದ್ದು ಕಡಿಮೆಯಾಯಿತೆಂದು ಯಜಮಾನಿಯ ಮಗ ಆಮೇಲೆ ಗೊಣಗಿದ್ದೂ ಉಂಟು. ಅತಿಥಿಯನ್ನು ಯಾರೂ ಹಾಗೆ ಗೊಣಗುವುದಿಲ್ಲ. ಬೀಜದ ಲೆಕ್ಕದ ಪುಸ್ತಕದಲ್ಲಿ, ಬ್ಯಾಂಕಿನಲ್ಲಿ, ಪೊಲೀಸರ ನೋಂದಣಿಯಲ್ಲಿ ನನ್ನ ಹೆಸರು ನನ್ನದಾಗಿಯೇ ಉಳಿದಿತ್ತು; ಅಂಗಳದಲ್ಲಿ ಮಾತ್ರ ಕ್ವಾಕು. ಎರಡಕ್ಕೂ ಜಗಳವಿರಲಿಲ್ಲ.

ಇದು ನನ್ನೊಬ್ಬನ ಅದೃಷ್ಟವೂ ಅಲ್ಲ. ಅಮೆರಿಕದ ಪೀಸ್ ಕೋರ್ ಎಂಬ ಸರಕಾರಿ ಸ್ವಯಂಸೇವಕ ದಳದ ಮೊದಲ ತಂಡ 1961ರಲ್ಲಿ ಬಂದಿಳಿದದ್ದು ಈ ಘಾನಾಕ್ಕೆ. ಅಂದಿನಿಂದ ಹೀಗೆ ಮನೆಗಳಲ್ಲಿ ಇದ್ದು ಹೆಸರು ಪಡೆದು ಹೋದವರು ಬಹಳ ಮಂದಿ. ಸೆನೆಗಲ್ ದೇಶದಲ್ಲಿ ಮನೆಯವರು ಹೆಸರಿನ ಜೊತೆಗೆ ತಮ್ಮ ಕುಲನಾಮವನ್ನೂ ಕೊಡುತ್ತಾರೆ. ಕುಲನಾಮ ಬಂದರೆ ಅದರೊಂದಿಗೆ ಗೇಲಿಯ ನಂಟೂ ಬಂತು: ಎನ್‌ಜಾಯ್ ಎಂಬ ಕುಲದವರಿಗೂ ಜೋಪ್ ಎಂಬ ಕುಲದವರಿಗೂ ಪರಸ್ಪರ ಹಾಸ್ಯ ಮಾಡುವ ಸಲಿಗೆ ತಲೆತಲಾಂತರದಿಂದ ಇದೆ, ಮೊನ್ನೆ ಬಂದ ಪರದೇಶಿಯಾದರೂ ಆ ಕುಲನಾಮ ಹೊತ್ತವನು ಸಂತೆಯಲ್ಲಿ ಗುರುತಿಲ್ಲದವನಿಂದ ಗೇಲಿ ಮಾಡಿಸಿಕೊಳ್ಳಬೇಕು, ತಿರುಗಿ ಗೇಲಿ ಮಾಡಲೂಬೇಕು. ನಮ್ಮ ದೇಶದಲ್ಲಿಯೂ ಮ್ಯಾಡೆಲೀನ್ ಸ್ಲೇಡ್ 1925ರಲ್ಲಿ ಸಾಬರಮತಿಗೆ ಬಂದು ಗಾಂಧೀಜಿಯವರಿಂದ ಮೀರಾ ಎನ್ನಿಸಿಕೊಂಡರು. 1959ರಲ್ಲಿ ಭಾರತವನ್ನು ಬಿಟ್ಟು ಹೋದ ಮೇಲೆಯೂ ನಮಗೆಲ್ಲ ಅವರು ಮೀರಾಬೆನ್ ಆಗಿಯೇ ಉಳಿದರು. ಆಗ ಯಾವ ಇಂಗ್ಲಿಷ್ ಪತ್ರಿಕೆಯಾದರೂ ಇದನ್ನು ಸಂಸ್ಕೃತಿಯ ನಾಶವೆಂದು ಬರೆದಿದ್ದರೆ ನಮಗೆ ನಗು ಬರುತ್ತಿತ್ತು.

ಒಬ್ಬ ಮನುಷ್ಯನಿಗೆ ಒಂದೇ ಹೆಸರು ಎಂಬುದು ನಮ್ಮ ಸಂಪ್ರದಾಯವೆಂದು ಆ ಪತ್ರದಲ್ಲಿ ಬರೆದಿರುವುದೂ ಸರಿಯಲ್ಲ. ನಾಮಕರಣದ ಹೊತ್ತಿನಲ್ಲಿ ನಕ್ಷತ್ರನಾಮ, ಮಾಸನಾಮ, ವ್ಯವಹಾರನಾಮ ಎಂದು ಮೂರು ನಾಲ್ಕನ್ನು ಪುರೋಹಿತರು ಹೇಳಿಸುತ್ತಾರೆ. ಮನೆಯಲ್ಲಿ ಕರೆಯುವುದು ಅಪ್ಪು, ಅಣ್ಣು, ಪುಟ್ಟ. ಊರಿನಲ್ಲಿ ಹೆಸರಿಗಿಂತ ಮುಂದೆ ಜಾಗದ ಮನೆಯ ಹೆಸರು ಬರುತ್ತದೆ, ಸ್ವಂತ ಹೆಸರನ್ನು ಗಂಟಲು ಹರಿದು ಕೂಗಿದರೂ ಅಂಚೆಯವನಿಗೆ ಮನೆಯ ಹೆಸರೇ ಬೇಕು. ಇಷ್ಟನ್ನು ಹೊತ್ತುಕೊಂಡು ತಿರುಗುವವನಿಗೆ ಇನ್ನೊಂದು ಭಾರವಾಗುವುದಿಲ್ಲ.

ಹೆಸರಿಡುವುದೆಲ್ಲ ಪ್ರೀತಿಯೇ ಎಂದು ಮಾತ್ರ ನಾನು ಹೇಳುತ್ತಿಲ್ಲ. ಆತಿಥೇಯರ ಮನೆಯಲ್ಲಿ ಹೆಸರು ಬದಲಾಗುವುದಕ್ಕೆ ನಮ್ಮ ಕರಾವಳಿಯಲ್ಲಿಯೇ ಹಳೆಯ ಉದಾಹರಣೆಯಿದೆ. ಕೊಂಕಣಿ ಮನೆತನಗಳಲ್ಲಿ ಮದುವೆಯ ದಿನ ಗಂಡನ ಕಡೆಯವರು ವಧುವಿಗೆ ಹೊಸ ಹೆಸರು ಇಡುವ ಪದ್ಧತಿ ಇತ್ತು, ಕೆಲವೆಡೆ ಇನ್ನೂ ಇದೆ; ಮಹಾರಾಷ್ಟ್ರದಲ್ಲಿ ತಟ್ಟೆಯ ಅಕ್ಕಿಯ ಮೇಲೆ ಅದನ್ನು ಬರೆಸುತ್ತಾರೆ. ಹತ್ತೊಂಬತ್ತು ಇಪ್ಪತ್ತು ವರ್ಷ ಒಂದು ಹೆಸರಿಗೆ ಓಗೊಟ್ಟ ಹುಡುಗಿ ಮರುದಿನದಿಂದ ಇನ್ನೊಂದಕ್ಕೆ ಓಗೊಡಬೇಕು, ಹಳೆಯದನ್ನು ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ, ತವರಿಗೆ ಹೋದಾಗ ಮಾತ್ರ ಅದು ಅವಳಿಗೆ ಸಿಗುತ್ತದೆ. ಆಕೆಯನ್ನು ಯಾರೂ ಮೊದಲು ಕೇಳಿದ್ದಿಲ್ಲ. ಈಗಿನ ಅನೇಕ ಹುಡುಗಿಯರು ಒಪ್ಪುವುದೂ ಇಲ್ಲ, ಹಾಗೆ ಒಪ್ಪದಿರುವುದು ಸರಿ. ಪರದೇಶದಲ್ಲಿ ನಮ್ಮ ಮಗಳಿಗೆ ಇನ್ನೊಂದು ಹೆಸರು ಬಂತೆಂದು ಹೌಹಾರುವವರು ನಮ್ಮ ಸೊಸೆಯ ವಿಷಯದಲ್ಲಿ ಇಷ್ಟು ವರ್ಷ ಸುಮ್ಮನಿದ್ದುದನ್ನು ಕಾಣುವಾಗ, ಹೆಸರು ಇಡುವವರು ನಾವಾದರೆ ತಪ್ಪಿಲ್ಲ ಎಂಬ ಭಾವನೆ ಎಲ್ಲೋ ಇದೆಯೆಂದು ಅನ್ನಿಸುತ್ತದೆ.

ನನಗೆ ನಿಜವಾಗಿ ಸರಿಯೆನ್ನಿಸದಿರುವುದು ಬೇರೊಂದಿದೆ. ಹೊರಡುವ ಮೊದಲೇ, ಆ ಮನೆಯವರ ಮುಖವನ್ನು ಕಾಣುವ ಮೊದಲೇ, ಅವರ ಬಾಯಿಗೆ ಸುಲಭವಾಗಲೆಂದು ನಮ್ಮ ಮಕ್ಕಳಿಗೆ ಎರಡಕ್ಷರದ ಹೆಸರನ್ನು ಆರಿಸಿಕೊಳ್ಳಲು ಹೇಳುವ ಏಜೆನ್ಸಿಗಳ ಚಾಳಿ ಅದು. ಇತ್ತೀಚೆಗೆ ನಮ್ಮ ಕಡೆಯಿಂದ ಜರ್ಮನಿಗೆ ಓ ಪೇರ್ ಆಗಿ ಹೋಗುವ ಹುಡುಗಿಯರಿದ್ದಾರೆ. ಇಪ್ಪತ್ತೇಳು ತುಂಬದವರು ಒಂದು ವರ್ಷದವರೆಗೆ ಅಲ್ಲಿನ ಕುಟುಂಬವೊಂದರ ಜೊತೆ ಇದ್ದು, ಮಕ್ಕಳನ್ನು ನೋಡಿಕೊಂಡು, ಭಾಷೆ ಕಲಿಯುವ ಏರ್ಪಾಡು; ಊಟ ವಸತಿ ಮನೆಯವರದು, ಕೈಖರ್ಚಿಗೆ ತಿಂಗಳಿಗೆ 280 ಯೂರೋ, ಕೆಲಸ ವಾರಕ್ಕೆ 30 ಗಂಟೆಗಿಂತ ಹೆಚ್ಚಿರಬಾರದು. ನಮ್ಮ ನೆರೆಯ ಹುಡುಗಿಯೊಬ್ಬಳಿಗೆ ಅರ್ಜಿಯ ಜೊತೆ ಕಳುಹಿಸುವ ಪರಿಚಯ ಪತ್ರದಲ್ಲಿಯೇ ಹೆಸರನ್ನು ಮೊಟಕುಮಾಡಿ ಬರೆಯಲು ಏಜೆನ್ಸಿಯವರು ಹೇಳಿದರು, ಆಕೆ ಬರೆದಳು. ಹೋದ ಮೇಲೆ ಆ ಮನೆಯ ಐದು ವರ್ಷದ ಮಗು ಪಾಸ್‌ಪೋರ್ಟಿನಲ್ಲಿದ್ದ ಹೆಸರನ್ನು ತಾಯಿಯಿಂದ ಓದಿಸಿಕೊಂಡು, ಇದೇ ಚೆನ್ನಾಗಿದೆಯೆಂದು ಅದನ್ನೇ ಕರೆಯತೊಡಗಿತಂತೆ. ಮಗುವಿಗೆ ಬಾರದ ಕಷ್ಟ ಏಜೆನ್ಸಿಗೆ ಹೇಗೆ ಬಂತೋ ತಿಳಿಯದು. ಹೀಗೆ ಅಂಗಡಿಯಲ್ಲಿ ಆರಿಸಿಕೊಂಡ ಹೆಸರಿಗೆ ಕೊಟ್ಟವರಿಲ್ಲ, ಅದನ್ನು ಹೊತ್ತವರ ಮೇಲೆ ಯಾರ ಹಕ್ಕೂ ಇಲ್ಲ, ಯಾರೂ ಸಾವಿನ ಮನೆಗೆ ಕರೆಯುವುದೂ ಇಲ್ಲ.

ಕಾಗದದ ತೊಡಕಿನಿಂದ ಬರುವ ಹೆಸರುಗಳನ್ನೂ ಇದೇ ಗುಂಪಿಗೆ ಸೇರಿಸಬೇಕು. ನಮ್ಮಲ್ಲಿ ಕುಲನಾಮವಿಲ್ಲದ ಹೆಸರುಗಳು ಸಾಮಾನ್ಯ. ಪಾಸ್‌ಪೋರ್ಟಿನ ಒಂದು ಕಾಲಂ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಇರುವ ಹೆಸರು ಕುಲನಾಮದ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ಹೆಸರು ತಿಳಿದಿಲ್ಲವೆಂಬ ಅರ್ಥದ ಎಫ್‌ಎನ್‌ಯು ಎಂಬ ಮೂರಕ್ಷರ ಕೂರುತ್ತದೆ. 2022ರ ನವೆಂಬರಿನಲ್ಲಿ ಯುಎಇ ಸರಕಾರ ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದಾಗ ಕೊಲ್ಲಿಯನ್ನೇ ನಂಬಿದ ನಮ್ಮ ಜಿಲ್ಲೆಯ ಮನೆಗಳಲ್ಲಿ ಗಡಿಬಿಡಿಯಾದದ್ದು ಓದುಗರಿಗೆ ನೆನಪಿರಬಹುದು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿದ್ದರೆ ಸಾಕೆಂದು ಆಮೇಲೆ ಸಡಿಲಿಸಿದರು. ಮಕ್ಕಳನ್ನು ಹೊರಗೆ ಕಳುಹಿಸುವ ಹೆತ್ತವರು ಸಂಸ್ಕೃತಿಯ ಚಿಂತೆಗಿಂತ ಮೊದಲು ಆ ಎರಡು ಕಾಲಂಗಳನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಇನ್ನು ನಾವೇ ಆತಿಥೇಯರಾದಾಗ ಏನು ಮಾಡುತ್ತೇವೆ ಎಂಬುದಕ್ಕೆ ಬರುತ್ತೇನೆ. ಸಾಂಪಾದ ಆ ಮನೆಯ ಮೊಮ್ಮಗ ಕೋಫಿ ಮಂಗಳೂರಿನ ಕಾಲೇಜಿಗೆ ಓದಲು ಬಂದ. ರಜೆಗೆ ನಮ್ಮ ಮನೆಗೆ ಕರೆದುಕೊಂಡು ಬಂದೆ. ಹೆಸರಿನ ಹಿಂದಿನ ಪದ್ಧತಿಯನ್ನು ನಮ್ಮ ತಾಯಿಗೆ ವಿವರಿಸಿದಾಗ ಅವರು ಸೊಪ್ಪು ಹೆಚ್ಚುತ್ತಿದ್ದವರು ತಲೆಯೆತ್ತದೆ, ಶುಕ್ರವಾರ ಹುಟ್ಟಿದವನಾದರೆ ನಮ್ಮಲ್ಲಿ ತುಕ್ರ ಅಲ್ಲವೇ ಎಂದರು. ಜಗಲಿಯಲ್ಲಿದ್ದ ನನ್ನ ಮಾವ ತಟ್ಟನೆ, ಛೆ, ಅತಿಥಿಗೆ ಹಾಗೆನ್ನುತ್ತಾರೆಯೇ, ಎಂದು ತಡೆದರು. ಹುಡುಗನಿಗೆ ಭಾಷೆ ತಿಳಿಯದಿದ್ದರೂ ಯಾವುದೋ ಮಾತು ನಿಂತುಹೋದದ್ದು ತಿಳಿಯಿತು, ಏನೆಂದು ಕೇಳಿದ. ನಾನು ಹೇಳಬೇಕಾಯಿತು.

ತುಳುನಾಡಿನಲ್ಲಿಯೂ ವಾರದ ಹೆಸರುಗಳಿದ್ದವು, ಇವೆ. ಭಾನುವಾರದ ಐತ, ಸೋಮವಾರದ ಚೋಮ, ಮಂಗಳವಾರದ ಅಂಗಾರ, ಗುರುವಾರದ ಗುರುವ, ಶುಕ್ರವಾರದ ತುಕ್ರ, ಶನಿವಾರದ ತನಿಯ ಅಥವಾ ಚನಿಯ. ನಾವು ಕೊರಗಜ್ಜನೆಂದು ಕೈಮುಗಿಯುವ ದೈವದ ಹೆಸರೇ ಕೊರಗ ತನಿಯ. ಆದರೆ ಘಾನಾದಲ್ಲಿ ರಾಷ್ಟ್ರನಾಯಕನಿಗೂ ಮೂಟೆ ಹೊರುವವನಿಗೂ ಒಂದೇ ಹೆಸರಾದರೆ, ನಮ್ಮಲ್ಲಿ ಈ ಹೆಸರುಗಳು ಹೆಚ್ಚಾಗಿ ಗದ್ದೆಯಲ್ಲಿ ದುಡಿಯುವ ಜಾತಿಗಳ ಪಾಲಿಗೇ ಉಳಿದವು. ಜಗಲಿಯ ಮೇಲಿನವರು ದೇವರ ಹೆಸರುಗಳನ್ನು ತಮಗೆ ಇಟ್ಟುಕೊಂಡರು. ಮಾವನಿಗೆ ಇರಿಸುಮುರಿಸಾದದ್ದು ಅದಕ್ಕೆ. ಕೋಫಿ ಎಲ್ಲವನ್ನೂ ಕೇಳಿ, ಹಾಗಾದರೆ ನನಗೆ ಅದೇ ಹೆಸರು ಇರಲಿ ಎಂದ. ಬೇರೆ ಹೆಸರು ಕೊಟ್ಟರೆ ನೀವು ನನ್ನ ಹುಟ್ಟಿದ ವಾರವನ್ನೇ ಬದಲಿಸಿದ ಹಾಗೆ ಎಂಬುದು ಅವನ ವಾದ.

ಮರುದಿನ ಅಡಿಕೆ ಸುಲಿಯಲು ಬಂದವರಲ್ಲಿ ನಿಜವಾಗಿಯೂ ಒಬ್ಬರು ತುಕ್ರ ಇದ್ದರು, ಎಪ್ಪತ್ತು ದಾಟಿದವರು, ನಾನು ಎಷ್ಟು ಬೇಡವೆಂದರೂ ನನ್ನನ್ನು ಧನಿ ಎಂದೇ ಕರೆಯುವವರು. ಹೆಸರಿನ ಕತೆ ತಿಳಿದಾಗ ಮೆಟ್ಟುಕತ್ತಿಯನ್ನು ಬದಿಗಿಟ್ಟು ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕರು. ನನ್ನ ಮೊಮ್ಮಗನಿಗೆ ಈ ಹೆಸರು ಹೇಳಲು ನಾಚಿಕೆ, ಇವನು ಸಮುದ್ರ ದಾಟಿ ಬಂದು ಕೇಳಿ ಪಡೆದುಕೊಂಡನಲ್ಲ, ಎಂದರು. ಆ ನಗುವಿಗೆ ನಾನು ಹೆಚ್ಚಿನ ಬೆಲೆ ಕಟ್ಟುವುದಿಲ್ಲ, ಏಕೆಂದರೆ ಅದರ ಹಿಂದೆಯೇ, ಮಗನನ್ನು ಶಾಲೆಗೆ ಸೇರಿಸುವಾಗ ತಮ್ಮ ತಂದೆಯ ಹೆಸರನ್ನೇ ಇಡಬೇಕೆಂದು ಮನಸ್ಸಿದ್ದರೂ, ತರಗತಿಯಲ್ಲಿ ಉಳಿದ ಮಕ್ಕಳು ಕೂಗಿ ಗೇಲಿ ಮಾಡುತ್ತಾರೆಂದು ಬೇರೆ ಹೆಸರು ಬರೆಸಿದ್ದನ್ನು ಹೇಳಿದರು. ಅದನ್ನು ಹೇಳುವಾಗ ನಗಲಿಲ್ಲ. ರಜೆ ಮುಗಿಯುವವರೆಗೆ ಕೋಫಿ ಸುಲಿಯುವವರ ನಡುವೆಯೇ ಕುಳಿತಿರುತ್ತಿದ್ದ. ಅವನ ಬೆರಳುಗಳಿಗೆ ಗಾಯವಾಯಿತು, ಸುಲಿದದ್ದು ಕಡಿಮೆ. ನಮ್ಮ ತಾಯಿ ಈಗಲೂ ಫೋನಿನಲ್ಲಿ ಅವನನ್ನು ತುಕ್ರ ಎಂದೇ ವಿಚಾರಿಸುತ್ತಾರೆ. ಮಾವ ಮಾತ್ರ ಇಂದಿಗೂ ಮಿಸ್ಟರ್ ಕೋಫಿ ಎನ್ನುತ್ತಾರೆ, ಹುಡುಗನಿಗೆ ಅದು ತಮಾಷೆ.

ಕೋಫಿಯಂತಹ ಅತಿಥಿಗಳು ನಮಗೆ ಅಪರೂಪ. ದಿನನಿತ್ಯ ನಮ್ಮ ಊರುಗಳಲ್ಲಿ ಕಾಣುವ ಪರಸ್ಥಳದವರು ಅಸ್ಸಾಂ, ಪಶ್ಚಿಮ ಬಂಗಾಳ, ಒಡಿಶಾ, ಜಾರ್ಖಂಡ್‌ಗಳಿಂದ ಬಂದು ಕೆಂಪುಕಲ್ಲಿನ ಕೋರೆಗಳಲ್ಲಿ, ತೋಟಗಳಲ್ಲಿ, ಹೊಟೇಲುಗಳ ಅಡುಗೆಕೋಣೆಗಳಲ್ಲಿ ದುಡಿಯುವವರು. ಕೇರಳ ಸರಕಾರ ತನ್ನ ಕಾಗದಗಳಲ್ಲಿ ಇವರನ್ನು ಅತಿಥಿ ಕಾರ್ಮಿಕರು ಎನ್ನುತ್ತದೆ. ಹಾಗಾದರೆ ಆತಿಥೇಯರು ನಾವಾಗಬೇಕು. ನಾವು ಅವರಿಗೆ ಇಟ್ಟಿರುವ ಹೆಸರು ಒಂದೇ: ಬಂಗಾಳಿ. ಅಸ್ಸಾಮಿನವನೂ ಬಂಗಾಳಿ, ಒಡಿಶಾದವನೂ ಬಂಗಾಳಿ. ಸ್ವಲ್ಪ ಪ್ರೀತಿ ಬಂದರೆ ಭಾಯಿ. ತಮ್ಮ ತೋಟದಲ್ಲಿ ಕೆಲಸ ಮಾಡಿಕೊಂಡು, ಬಾವಿಯ ಪಕ್ಕದ ಕೋಣೆಯಲ್ಲಿ ವಾಸಿಸುವ ಇಬ್ಬರಲ್ಲಿ ಒಬ್ಬನನ್ನು ದೊಡ್ಡ ಬಂಗಾಳಿ, ಇನ್ನೊಬ್ಬನನ್ನು ಸಣ್ಣ ಬಂಗಾಳಿ ಎಂದು ಕರೆಯುವ ಮನೆಗಳನ್ನು ನಾನು ಬಲ್ಲೆ; ಕೂಲಿ ಲೆಕ್ಕದ ಪುಸ್ತಕದಲ್ಲಿಯೂ ಹಾಗೆಯೇ ಬರೆದಿರುತ್ತದೆ. ಈ ಹೆಸರನ್ನು ಇಡುವಾಗ ಯಾರೂ ಅವನ ಹೆಸರನ್ನು ಮೊದಲು ಕೇಳಿಲ್ಲ, ಅದರಿಂದ ಅವನಿಗೆ ಮನೆಯೊಳಗೆ ಯಾವ ಸ್ಥಾನವೂ ಸಿಕ್ಕಿಲ್ಲ, ನಮ್ಮ ಮನೆಯ ಮದುವೆಗೆ ಅವನು ಚಪ್ಪರ ಹಾಕಲು ಬರುತ್ತಾನೆಯೇ ಹೊರತು ಊಟದ ಪಂಕ್ತಿಗೆ ಬರುವುದಿಲ್ಲ. ಕನ್ನಡದ ಹೆಸರು ನ್ ಸೇರಿ ಕೆಟ್ಟಿತೆಂದು ಕಚೇರಿಗೆ ಮನವಿ ಬರೆಯುವ ನಮಗೆ ಇದು ಕಣ್ಣಿಗೆ ಬೀಳಬೇಕಿತ್ತು.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಕೋರೆಯಲ್ಲಿ ಕಲ್ಲು ಬಿದ್ದು, ರೈಲು ಬಡಿದು ಅಥವಾ ಬಾವಿಯ ಕೆಲಸದಲ್ಲಿ ಮಣ್ಣು ಕುಸಿದು ಇಂತಹವರಲ್ಲಿ ಯಾರಾದರೂ ತೀರಿಕೊಂಡಾಗ ಪತ್ರಿಕೆಗಳಲ್ಲಿ ಅನ್ಯರಾಜ್ಯ ಕಾರ್ಮಿಕ ಸಾವು ಎಂಬ ತಲೆಬರಹ ಬರುತ್ತದೆ. ಎಷ್ಟೋ ಸಲ ಒಳಗಿನ ಸುದ್ದಿಯಲ್ಲಿಯೂ ಹೆಸರಿರುವುದಿಲ್ಲ, ಇದ್ದರೂ ಗುತ್ತಿಗೆದಾರ ಹೇಳಿದ ಅರ್ಧ ಹೆಸರು. ಪೊಲೀಸರ ಎಫ್‌ಐಆರ್‌ನಲ್ಲಿ, ಆಧಾರ್ ಕಾರ್ಡಿನಲ್ಲಿ, ಜೊತೆಗಿದ್ದವರ ಬಾಯಲ್ಲಿ ಪೂರ್ತಿ ಹೆಸರು ಸಿಗುತ್ತದೆ. ತಮ್ಮ ಸ್ಥಳೀಯ ವರದಿಗಾರರು ಅದನ್ನು ಕೇಳಿ ತಿಳಿದು, ಊರಿನ ಹೆಸರಿನೊಂದಿಗೆ, ಅವರ ಭಾಷೆಯ ಉಚ್ಚಾರಣೆಗೆ ಹತ್ತಿರವಾಗುವಂತೆ ಕನ್ನಡದಲ್ಲಿ ಅಚ್ಚು ಹಾಕುವ ಕ್ರಮವನ್ನು ತಮ್ಮ ಕಾಸರಗೋಡು ಆವೃತ್ತಿಯಿಂದಲೇ ಆರಂಭಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ
ಬದಿಯಡ್ಕ, ಕಾಸರಗೋಡು ಜಿಲ್ಲೆ